ಒಡೆದ ಪ್ರನಾಳದ ಲೆಕ್ಕ

(ಪ್ರೌಢಶಾಲಾ ವಿಜ್ಞಾನ ಶಿಕ್ಷಕರ ಸಮಾವೇಶದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಈ ದತ್ತಿಯನ್ನು ಇಟ್ಟವರು ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರ ಮಕ್ಕಳು. ವೇದಿಕೆಯಲ್ಲಿ ತಮ್ಮ ಹೆಸರು ಎತ್ತಬಾರದು, ತಂದೆಯವರ ಗುಣಗಾನವೂ ಬೇಡ, ಆ ಹೊತ್ತನ್ನು ವಿಷಯಕ್ಕೆ ಕೊಡಿ ಎಂದು ಕೇಳಿಕೊಂಡಿದ್ದಾರೆ. ಇಂಥ ಷರತ್ತು ಹಾಕುವ ದಾನಿಗಳು ಅಪರೂಪ. ಅವರ ಮಾತಿಗೆ ಬೆಲೆ ಕೊಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ.

ನನಗೆ ಕೊಟ್ಟ ವಿಷಯ ‘ಪ್ರೌಢಶಾಲೆಯ ವಿಜ್ಞಾನ ವಿಭಾಗ’. ಕಾಲೇಜಿನಲ್ಲಾದರೆ ವಿಭಾಗಕ್ಕೊಂದು ಫಲಕ, ಮುಖ್ಯಸ್ಥರಿಗೊಂದು ಕೋಣೆ, ಪ್ರಯೋಗಾಲಯ, ಅಟೆಂಡರು ಎಲ್ಲ ಇರುತ್ತದೆ. ನಮ್ಮ ಸರ್ಕಾರಿ ಪ್ರೌಢಶಾಲೆಗಳಲ್ಲಿ ಆ ಫಲಕ ಹುಡುಕಿದರೂ ಸಿಕ್ಕದು. ಅಲ್ಲಿ ವಿಭಾಗವೆಂದರೆ ಇಬ್ಬರು ಮೇಷ್ಟ್ರು, ಒಂದು ಕಬ್ಬಿಣದ ಬೀರು, ಒಂದು ದಾಸ್ತಾನು ವಹಿ. ಮೇಷ್ಟ್ರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಬೀರುವಿನ ಬಗ್ಗೆ ಕೆಲವರು ಮಾತಾಡುತ್ತಾರೆ. ವಹಿಯ ಬಗ್ಗೆ ಯಾರೂ ಭಾಷಣ ಮಾಡಿದ್ದನ್ನು ನಾನು ಕೇಳಿಲ್ಲ. ಇವತ್ತು ನಾನು ಮಾಡುತ್ತೇನೆ. ನಾವು ಗಾಜಿಗೆ ಲೆಕ್ಕ ಇಟ್ಟಿದ್ದೇವೆ, ಪ್ರಯೋಗಕ್ಕೆ ಲೆಕ್ಕ ಇಟ್ಟಿಲ್ಲ. ಇದು ತಿರುಗುಮುರುಗಾಗದ ಹೊರತು ಪಠ್ಯ ಬದಲಾದರೂ, ತರಬೇತಿ ಹೆಚ್ಚಿದರೂ ತರಗತಿಯ ವಿಜ್ಞಾನ ಇದ್ದಲ್ಲೇ ಇರುತ್ತದೆ ಎಂಬುದು ನನ್ನ ವಾದ.

ಎರಡು ಹುದ್ದೆಗಳ ವಿಭಾಗ

ಸಭೆಯಲ್ಲಿ ಪೋಷಕರೂ ಇದ್ದಾರೆ, ಅವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ನಮ್ಮ ಹುದ್ದೆಗಳ ಪಟ್ಟಿಯಲ್ಲಿ ‘ವಿಜ್ಞಾನ ಶಿಕ್ಷಕ’ ಎಂದು ಇರುವುದಿಲ್ಲ. ಒಬ್ಬರು ಪಿಸಿಎಂ, ಇನ್ನೊಬ್ಬರು ಸಿಬಿಝಡ್. ಪದವಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಪಿಸಿಎಂ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವರು ಸಿಬಿಝಡ್. ನಾನು ಸಿಬಿಝಡ್ ಜಾತಿಯವನು.

ಕಾಗದದ ಮೇಲೆ ಈ ಜೋಡಿ ಚೆನ್ನಾಗಿದೆ. ಶಾಲೆಯೊಳಗೆ ಪಿಸಿಎಂ ಮೇಷ್ಟ್ರನ್ನು ಗಣಿತ ನುಂಗಿಬಿಡುತ್ತದೆ. ಎಂಟು, ಒಂಬತ್ತು, ಹತ್ತು ಮೂರೂ ತರಗತಿಗಳ ಗಣಿತ ಅವರದೇ. ಬೆಳಗಿನ ವಿಶೇಷ ತರಗತಿ, ಸಂಜೆಯ ವಿಶೇಷ ತರಗತಿಯೂ ಗಣಿತಕ್ಕೇ ಹೋಗುತ್ತವೆ. ಉಳಿದ ವಿಜ್ಞಾನ ಪುಸ್ತಕ ಎಷ್ಟೋ ಶಾಲೆಗಳಲ್ಲಿ ಇಡಿಯಾಗಿ ಸಿಬಿಝಡ್ ಮೇಜಿಗೆ ಬಂದು ಬೀಳುತ್ತದೆ. ಹತ್ತನೆಯ ತರಗತಿಯಲ್ಲಿ ಬೆಳಕಿನ ವಕ್ರೀಭವನ, ವಿದ್ಯುಚ್ಛಕ್ತಿ, ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳನ್ನು ಕಲಿಸುವವರು ಭೌತಶಾಸ್ತ್ರದ ಪುಸ್ತಕವನ್ನು ಪಿಯುಸಿಯಲ್ಲಿ ಮುಚ್ಚಿಟ್ಟವರು. ಅವರ ಯೋಗ್ಯತೆಯನ್ನು ನಾನು ಪ್ರಶ್ನಿಸುತ್ತಿಲ್ಲ. ಅಮ್ಮೀಟರನ್ನು ಎಲ್ಲಿ ಜೋಡಿಸಬೇಕು, ವೋಲ್ಟ್‌ಮೀಟರನ್ನು ಎಲ್ಲಿ ಜೋಡಿಸಬೇಕು ಎಂಬುದು ಓದಿದ ಮಾತ್ರಕ್ಕೆ ಕೈಗೆ ಇಳಿಯುವುದಿಲ್ಲ. ಸೂಜಿ ಉಲ್ಟಾ ಹೊಡೆದಾಗ ತಂತಿಗಳನ್ನು ಅದಲುಬದಲು ಮಾಡಿ ನಗುವ ಧೈರ್ಯ ನಾಲ್ಕಾರು ಸಲ ಮಾಡಿದವರಿಗೇ ಬರುತ್ತದೆ. ಆ ಅಭ್ಯಾಸ ಇಲ್ಲದವರು ನಲವತ್ತು ಮಕ್ಕಳ ಕಣ್ಣೆದುರು ಅದನ್ನು ಮುಟ್ಟಲು ಹಿಂಜರಿಯುತ್ತಾರೆ. ಹಿಂಜರಿಕೆ ಎರಡು ವರ್ಷ ಮುಂದುವರಿದರೆ ಅಭ್ಯಾಸವಾಗುತ್ತದೆ.

ಇದಕ್ಕೆ ಮದ್ದು ಪಕ್ಕದ ಕುರ್ಚಿಯಲ್ಲೇ ಇದೆ. ಅಲ್ಲಿ ಕೂರುವ ಪಿಸಿಎಂ ಮೇಷ್ಟ್ರಿಗೆ ಮೀಟರ್ ಗೊತ್ತು, ಸೂಕ್ಷ್ಮದರ್ಶಕದಡಿ ಈರುಳ್ಳಿ ಸಿಪ್ಪೆಯನ್ನು ಮಡಿಕೆ ಬೀಳದಂತೆ ಹರಡಲು ಬಾರದು. ಸಿಬಿಝಡ್‌ಗೆ ಈರುಳ್ಳಿ ಸಿಪ್ಪೆ ಗೊತ್ತು, ಮೀಟರ್ ಬಾರದು. ಇಬ್ಬರೂ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕುಳಿತು ಮುಂದಿನ ವಾರದ ಪ್ರಯೋಗಗಳನ್ನು ಒಬ್ಬರಿಗೊಬ್ಬರು ಮಾಡಿ ತೋರಿಸಿದರೆ ಅದಕ್ಕಿಂತ ದೊಡ್ಡ ತರಬೇತಿ ಇಲ್ಲ. ಅಲ್ಲಿಗೆ ಎರಡು ಹುದ್ದೆಗಳು ಸೇರಿ ನಿಜವಾದ ವಿಭಾಗವಾಗುತ್ತವೆ. ಆದರೆ ಆ ಗಂಟೆಯಲ್ಲಿ ಇಬ್ಬರೂ ಸಾಮಾನ್ಯವಾಗಿ ಏನು ಮಾಡುತ್ತಿರುತ್ತಾರೆ ಎಂಬುದು ನಿಮಗೆಲ್ಲ ತಿಳಿದದ್ದೇ. ಒಬ್ಬರು ಬಿಸಿಯೂಟದ ಲೆಕ್ಕ ಬರೆಯುತ್ತಿರುತ್ತಾರೆ, ಇನ್ನೊಬ್ಬರು ವಿದ್ಯಾರ್ಥಿಗಳ ಮಾಹಿತಿಯನ್ನು ಕಂಪ್ಯೂಟರಿಗೆ ತುಂಬುತ್ತಿರುತ್ತಾರೆ. ಆ ದೂರನ್ನು ಬೇರೆ ವೇದಿಕೆಗಳಲ್ಲಿ ಸಾಕಷ್ಟು ಹೇಳಿಕೊಂಡಿದ್ದೇವೆ, ಇಲ್ಲಿ ಬಿಡುತ್ತೇನೆ.

ಒಂದು ಎಲೆಯ ಪ್ರಯೋಗ

ವಿಜ್ಞಾನದ ಒಂದು ಅವಧಿಯ ಹಿಂದೆ ಎಷ್ಟು ಕೆಲಸ ಇರುತ್ತದೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಒಂದೇ ಒಂದು ಉದಾಹರಣೆ ತೆಗೆದುಕೊಳ್ಳುತ್ತೇನೆ. ಹತ್ತನೆಯ ತರಗತಿಯ ‘ಜೀವಕ್ರಿಯೆಗಳು’ ಪಾಠದಲ್ಲಿ ದ್ಯುತಿಸಂಶ್ಲೇಷಣೆಗೆ ಪತ್ರಹರಿತ್ತು ಬೇಕು ಎಂದು ತೋರಿಸುವ ಚಟುವಟಿಕೆ ಇದೆ. ಹಸಿರು-ಬಿಳಿ ಮಚ್ಚೆಯ ಎಲೆಯಿರುವ ಕುಂಡದ ಗಿಡ ಬೇಕು. ಕ್ರೋಟನ್ ಆಗಬಹುದು, ಮನಿಪ್ಲಾಂಟ್ ಆಗಬಹುದು. ಅದನ್ನು ಮೂರು ದಿನ ಕತ್ತಲಲ್ಲಿಡಬೇಕು, ಎಲೆಯಲ್ಲಿದ್ದ ಪಿಷ್ಟವೆಲ್ಲ ಖರ್ಚಾಗಬೇಕು. ಆಮೇಲೆ ಸುಮಾರು ಆರು ಗಂಟೆ ಬಿಸಿಲಿಗಿಟ್ಟು, ಎಲೆ ಕಿತ್ತು, ಹಸಿರು ಭಾಗದ ಗುರುತನ್ನು ಕಾಗದದ ಮೇಲೆ ಎಳೆದುಕೊಳ್ಳಬೇಕು. ಎಲೆಯನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದು ಸ್ಪಿರಿಟ್ಟಿನಲ್ಲಿ ಮುಳುಗಿಸಿ, ಆ ಬೀಕರನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕಾಯಿಸಬೇಕು. ಹಸಿರು ಬಣ್ಣ ಸ್ಪಿರಿಟ್ಟಿಗೆ ಇಳಿಯುತ್ತದೆ, ಎಲೆ ಬಿಳಿಚಿಕೊಳ್ಳುತ್ತದೆ. ಕೊನೆಗೆ ಅಯೋಡಿನ್ ಹನಿ ಹಾಕಿದರೆ ಮೊದಲು ಹಸಿರಿದ್ದ ಕಡೆ ಮಾತ್ರ ನೀಲಿಗಪ್ಪು.

ಪುಸ್ತಕದಲ್ಲಿ ಇದು ಅರ್ಧ ಪುಟ. ಶಾಲೆಯಲ್ಲಿ ಇದಕ್ಕೆ ಏನೇನು ಬೇಕು ನೋಡಿ. ಸೋಮವಾರ ಪ್ರಯೋಗ ಆಗಬೇಕಾದರೆ ಗುರುವಾರವೇ ಕುಂಡವನ್ನು ಕತ್ತಲಿಗೆ ಸೇರಿಸಬೇಕು. ಶಾಲೆಯಲ್ಲಿ ಕತ್ತಲ ಕೋಣೆ ಎಲ್ಲಿದೆ? ಕ್ರೀಡಾ ಸಾಮಗ್ರಿಯ ಕೋಣೆ. ಅದರ ಕೀಲಿ ದೈಹಿಕ ಶಿಕ್ಷಕರ ಬಳಿ. ಭಾನುವಾರ ಯಾರೋ ಆಟಕ್ಕೆ ಬಂದು ಬಾಗಿಲು ತೆರೆದಿಟ್ಟರೆ ಮೂರು ದಿನದ ಕತ್ತಲು ಹಾಳು. ಸೋಮವಾರ ಬೆಳಗ್ಗೆ ಪ್ರಾರ್ಥನೆಗೆ ಮೊದಲೇ ಕುಂಡ ಬಿಸಿಲಿಗೆ ಬರಬೇಕು, ಪ್ರಯೋಗ ಮಧ್ಯಾಹ್ನದ ಕೊನೆಯ ಅವಧಿಯಲ್ಲೇ ಆಗಬೇಕು. ವೇಳಾಪಟ್ಟಿಯಲ್ಲಿ ವಿಜ್ಞಾನ ಎರಡನೆಯ ಅವಧಿಯಲ್ಲಿದ್ದರೆ ಹಿಂದಿ ಮೇಡಂ ಅವರ ಹತ್ತಿರ ಅವಧಿ ಬದಲಾಯಿಸಿಕೊಳ್ಳಬೇಕು. ಅವಧಿ ಇರುವುದು 40 ನಿಮಿಷ. ನೀರು ಕಾಯಿಸಲು, ಎಲೆ ಬಣ್ಣ ಬಿಡಲು ಅದರಲ್ಲಿ ಮುಕ್ಕಾಲು ಪಾಲು ಹೋಗುತ್ತದೆ. ಹಾಗಾಗಿ ಊಟದ ಹೊತ್ತಿನಲ್ಲೇ ನೀರು ಕಾಯಲು ಇಟ್ಟಿರಬೇಕು.

ಇನ್ನು ಬಿಸಿಲು. ದೇಶಕ್ಕೆಲ್ಲ ಒಂದೇ ಎಂದು ಬರೆದ ಪುಸ್ತಕಕ್ಕೆ ಆಗುಂಬೆಯ ಜುಲೈ ಗೊತ್ತಿಲ್ಲ. ಮಲೆನಾಡಿನಲ್ಲೂ ಕರಾವಳಿಯಲ್ಲೂ ಮಳೆಗಾಲದಲ್ಲಿ ಆರು ಗಂಟೆ ಬಿಸಿಲು ಎಲ್ಲಿಂದ ತರುವುದು? ಅಲ್ಲಿಯ ಅನುಭವಸ್ಥ ಶಿಕ್ಷಕರು ಜೀವಕ್ರಿಯೆಗಳ ಪಾಠವನ್ನು ಮುಂದೂಡಿ ರಸಾಯನಶಾಸ್ತ್ರವನ್ನು ಮೊದಲು ಮುಗಿಸುತ್ತಾರೆ. ವಾರ್ಷಿಕ ಪಾಠ ಹಂಚಿಕೆ ನೋಡಿಕೊಂಡು ಬಂದ ಅಧಿಕಾರಿ “ಈ ತಿಂಗಳ ಪಾಠ ಆಗಿಲ್ಲವಲ್ಲ” ಎಂದು ಷರಾ ಬರೆದು ಹೋದರೂ ಅಚ್ಚರಿಯಿಲ್ಲ.

ಸ್ಪಿರಿಟ್ ಬೀಕರನ್ನು ನೇರವಾಗಿ ಬೆಂಕಿಯ ಮೇಲೆ ಇಡದೆ ಬಿಸಿನೀರಿನೊಳಗೆ ಏಕೆ ಇಡಬೇಕು? ಆಲ್ಕೊಹಾಲ್ ಸುಮಾರು 78 ಡಿಗ್ರಿಗೇ ಕುದಿಯುತ್ತದೆ, ಅದರ ಆವಿಗೆ ಜ್ವಾಲೆ ಸಿಕ್ಕರೆ ಹೊತ್ತಿಕೊಳ್ಳುತ್ತದೆ. ನೀರು ಬಿಸಿಯಾದ ಮೇಲೆ ದೀಪವನ್ನು ಆರಿಸಿ, ಪಕ್ಕಕ್ಕೆ ಸರಿಸಿ, ಆಮೇಲೆ ಬೀಕರ್ ಇಳಿಸುವುದು ಕೈಯ ಜ್ಞಾನ. ಅಯೋಡಿನ್ ದ್ರಾವಣ ಮುಗಿದಿದ್ದರೆ ಊರಿನ ಮೆಡಿಕಲ್ ಶಾಪಿನ ಟಿಂಚರಿಗೆ ನೀರು ಬೆರೆಸಿಕೊಳ್ಳಬಹುದು ಎಂಬುದೂ ಅಂಥದ್ದೇ. ಇದನ್ನು ಯಾವ ಮೌಲ್ಯಮಾಪನ ನಮೂನೆಯೂ ಕೇಳುವುದಿಲ್ಲ. ಒಬ್ಬ ಶಿಕ್ಷಕ ನಿವೃತ್ತನಾದರೆ ಅದು ಅವನೊಂದಿಗೇ ಹೋಗುತ್ತದೆ.

ಬೀಗ ಏಕೆ ಬಿತ್ತು

ಈಗ ಬೀರುವಿಗೆ ಬರೋಣ. ಬೀರುವಿನಲ್ಲಿ ಸಾಮಾನು ಇದೆ. ಇಲ್ಲವೆಂದು ಗೋಳಾಡುವ ಕಾಲ ಎಷ್ಟೋ ಕಡೆ ಕಳೆದಿದೆ. ಬೇರೆ ಬೇರೆ ಯೋಜನೆಗಳಲ್ಲಿ ಪೆಟ್ಟಿಗೆಗಳು ಬಂದಿವೆ. ಆದರೆ ಒಳಗಿರುವ ಪ್ರನಾಳಗಳು ಟ್ರಂಕಿನ ತಳದ ಧಾರೆ ಸೀರೆಯಂತೆ ಹೊಸದಾಗಿಯೇ ಹಳೆಯದಾಗುತ್ತವೆ. ಸೋಡಿಯಂ ಇಟ್ಟ ಶೀಸೆಯಲ್ಲಿ ಸೀಮೆಎಣ್ಣೆ ಇಂಗಿ ಲೋಹ ಬೂದುಗಟ್ಟಿರುತ್ತದೆ. ಮೆಗ್ನೀಸಿಯಂ ಪಟ್ಟಿ ಮಂಕಾಗಿರುತ್ತದೆ. ಆಮ್ಲದ ಶೀಸೆಯ ಮುಚ್ಚಳ ಕಚ್ಚಿಕೊಂಡಿರುತ್ತದೆ, ಅದರ ಹೊಗೆಗೆ ಪಕ್ಕದ ತಕ್ಕಡಿ ತುಕ್ಕು ಹಿಡಿದಿರುತ್ತದೆ.

ಇದಕ್ಕೆ ಶಿಕ್ಷಕರ ಸೋಮಾರಿತನ ಕಾರಣ ಎಂದು ಹೇಳಿಬಿಡುವುದು ಸುಲಭ. ನಾನು ಕೆಲಸ ಮಾಡಿದ ಶಾಲೆಗಳಲ್ಲಿ ಕಂಡ ಕಾರಣ ಬೇರೆ. ಬೀರುವಿನ ಪ್ರತಿ ಸಾಮಾನೂ ದಾಸ್ತಾನು ವಹಿಯಲ್ಲಿ ಒಬ್ಬರ ಹೆಸರಿನ ಮೇಲಿದೆ. ವರ್ಗಾವಣೆಯಾದಾಗ ಚಾರ್ಜ್ ಕೊಡಬೇಕು. ನಿವೃತ್ತಿಯಾದಾಗ ಬಾಕಿ ಇಲ್ಲವೆಂಬ ಪತ್ರ ಬೇಕು. ವಹಿಯಲ್ಲಿ ಇಷ್ಟು ಬೀಕರ್ ಅಂತಿದ್ದರೆ ಅಷ್ಟನ್ನೂ ಎಣಿಸಿ ತೋರಿಸಬೇಕು. ಒಡೆದದ್ದನ್ನು ವಹಿಯಿಂದ ತೆಗೆಯಲು ದಾರಿ ಇಲ್ಲವೆಂದಲ್ಲ, ಆದರೆ ಪತ್ರ, ಪರಿಶೀಲನೆ, ಮಂಜೂರಾತಿ ಎಂದು ಆ ದಾರಿ ಎಷ್ಟು ಉದ್ದವೆಂದರೆ, ಅದಕ್ಕಿಂತ ಒಡೆಯದಂತೆ ನೋಡಿಕೊಳ್ಳುವುದೇ ಮೇಲು ಅನಿಸುತ್ತದೆ. ಒಡೆಯದಿರಲು ಖಾತರಿಯಾದ ಉಪಾಯ ಒಂದೇ, ಹೊರಗೆ ತೆಗೆಯದಿರುವುದು. ಹದಿನಾಲ್ಕು ವರ್ಷದ ಹುಡುಗ ಕಾದ ಪ್ರನಾಳವನ್ನು ತಣ್ಣೀರಿಗೆ ಹಿಡಿದು ಚಟ್ಟೆನಿಸಿದರೆ ಅವನು ಉಷ್ಣ ಮತ್ತು ಗಾಜಿನ ಬಗ್ಗೆ ಜನ್ಮದಲ್ಲಿ ಮರೆಯದ ಪಾಠ ಕಲಿತ. ವಹಿಯ ಪ್ರಕಾರ ಮಾತ್ರ ಅಲ್ಲಿ ನಡೆದದ್ದು ನಷ್ಟ.

ತಪಾಸಣೆಗೆ ಬಂದವರು ಕೇಳುವ ಪ್ರಶ್ನೆಯೂ ಅದೇ ದಾರಿಯದು. “ಸಾಮಾನು ಎಲ್ಲ ಸರಿ ಇದೆಯಾ?” ಎಂದು ಕೇಳುತ್ತಾರೆ. “ಈ ವರ್ಷ ಎಷ್ಟು ಒಡೆಯಿತು?” ಎಂದು ಕೇಳಿದವರನ್ನು ನಾನು ಕಂಡಿಲ್ಲ. ಆ ಪ್ರಶ್ನೆಗೆ ‘ಒಂದೂ ಇಲ್ಲ’ ಎಂಬ ಉತ್ತರ ಬಂದರೆ ಅದನ್ನು ದೋಷವೆಂದು ಬರೆದುಕೊಳ್ಳಬೇಕು.

ಪ್ರಯೋಗಾಲಯದ ಕೋಣೆಗೂ ಇದೇ ಗತಿ. ಸರ್ಕಾರ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ ಕೊಡುವ ಒಳ್ಳೆಯ ಯೋಜನೆ ತಂದಿತು. ನಾನಿದ್ದ ಒಂದು ಶಾಲೆಯಲ್ಲಿ ಸೈಕಲ್ಲುಗಳ ಬಿಡಿಭಾಗಗಳು ಬಂದು ಕುಳಿತದ್ದು ಪ್ರಯೋಗಾಲಯದಲ್ಲಿ. ಸೈಕಲ್ಲುಗಳು ಮಕ್ಕಳ ಮನೆಗೆ ಹೋದ ಮೇಲೆ ಅಕ್ಕಿ ಮೂಟೆ ಬಂತು. ಅಕ್ಕಿಗೆ ಇಲಿ ಬಂತು. ಖಾಲಿ ಕಾಣುವ ಕೋಣೆ ಎಲ್ಲರಿಗೂ ಬೇಕಾಗುತ್ತದೆ, ಪ್ರತಿ ವಾರ ಬಳಕೆಯಾಗುವ ಕೋಣೆಯ ಮೇಲೆ ಯಾರೂ ಕಣ್ಣು ಹಾಕುವುದಿಲ್ಲ.

ಸಾಮಾನಿನ ಮಾತು ಬಂದಾಗಲೆಲ್ಲ ‘ಕಸದಿಂದ ರಸ’ ಎಂಬ ಉಪದೇಶ ಬರುತ್ತದೆ. ಅರಿಸಿನ ಹಚ್ಚಿದ ಕಾಗದ ಸೋಪಿನ ನೀರಿಗೆ ಕೆಂಪಾಗುವುದನ್ನು, ದಾಸವಾಳದ ರಸ ಹುಳಿಗೊಂದು ಬಣ್ಣ ಕ್ಷಾರಕ್ಕೊಂದು ಬಣ್ಣ ತೋರಿಸುವುದನ್ನು ನಾನೂ ಮಾಡಿಸಿದ್ದೇನೆ. ಎಲೆಯಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ, ರಾತ್ರಿಯಿಡೀ ತಂಗಲು ಬಿಟ್ಟು, ಮೇಲಿನ ತಿಳಿಯನ್ನು ಬಸಿದು ಸುಣ್ಣದ ತಿಳಿನೀರು ಮಾಡಿದ್ದೇನೆ. ಅದಕ್ಕೆ ಮಕ್ಕಳು ಸ್ಟ್ರಾದಿಂದ ಉಸಿರು ಊದಿದಾಗ ಹಾಲಿನಂತೆ ಬೆಳ್ಳಗಾಗುವುದು ಪೇಟೆಯ ರಾಸಾಯನಿಕಕ್ಕೇನೂ ಕಡಿಮೆಯಿಲ್ಲ. ಆದರೆ ತೆಂಗಿನ ಚಿಪ್ಪಿನಲ್ಲಿ ಅಮ್ಮೀಟರ್ ಆಗುವುದಿಲ್ಲ. ಹಳ್ಳಿಯ ಮಕ್ಕಳಿಗೆ ಅರಿಸಿನ ಸಾಕು, ಪೇಟೆಯ ಮಕ್ಕಳಿಗೆ ಮಾತ್ರ ಮೀಟರ್ ಎಂದಾದರೆ ಆ ಉಪದೇಶದಲ್ಲಿ ಏನೋ ಐಬಿದೆ.

ಸರಿಹೊಂದದ ಉತ್ತರ

ಪ್ರಯೋಗ ಮಾಡಿದರೆ ಮಕ್ಕಳಿಗೆ ಪಾಠ ಚೆನ್ನಾಗಿ ನೆನಪಿರುತ್ತದೆ ಎಂದು ಸಾಮಾನ್ಯವಾಗಿ ವಾದಿಸುತ್ತಾರೆ. ಅಷ್ಟೇ ಆಗಿದ್ದರೆ ಇಷ್ಟು ಕಷ್ಟಪಡಬೇಕಾಗಿರಲಿಲ್ಲ, ವಿಡಿಯೊ ಸಾಕಿತ್ತು. ನಾನು ಹೇಳುವ ಕಾರಣ ಇನ್ನೊಂದು.

ಗೆಳತಿಯೊಬ್ಬರು ಪಿಸಿಎಂ ಶಿಕ್ಷಕಿ. ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಓಮನ ನಿಯಮದ ಪ್ರಯೋಗ ನೋಡಿದೆ. ಅರ್ಧ ಮೀಟರ್ ನೈಕ್ರೋಮ್ ತಂತಿ, ಒಂದು ಅಮ್ಮೀಟರ್, ಒಂದು ವೋಲ್ಟ್‌ಮೀಟರ್, 1.5 ವೋಲ್ಟಿನ ನಾಲ್ಕು ಸೆಲ್ಲು. ಒಂದೊಂದೇ ಸೆಲ್ಲು ಸೇರಿಸುತ್ತ ವೋಲ್ಟನ್ನೂ ಆಂಪಿಯರನ್ನೂ ಬರೆದುಕೊಂಡು ಭಾಗಿಸಬೇಕು. ಉತ್ತರ ಪ್ರತಿ ಸಲವೂ ಒಂದೇ ಬರಬೇಕು ಎನ್ನುತ್ತದೆ ನಿಯಮ. ಒಂದು ಗುಂಪಿಗೆ ಬಂದದ್ದು 5.4, 5.2, 5.3, 5.2. ಗುಂಪಿನ ಹುಡುಗಿ ಎದ್ದು ನಿಂತಳು.

“ಮೇಡಂ, ನಮ್ದು ತಪ್ಪಾಯ್ತಾ?”

“ತಪ್ಪು ಅಂತ ಯಾರಮ್ಮ ಹೇಳಿದ್ದು?”

“ಒಂದೇ ಬರಬೇಕಿತ್ತಲ್ಲ. ಎಲ್ಲ 5.3 ಅಂತ ಬರೆದುಬಿಡ್ಲಾ?”

“ಸೂಜಿ ಏನು ತೋರಿಸ್ತೋ ಅದನ್ನೇ ಬರಿ. ಯಾಕೆ ಸ್ವಲ್ಪ ಸ್ವಲ್ಪ ವ್ಯತ್ಯಾಸ ಬಂತು ಅಂತ ಕೆಳಗಡೆ ಬರಿ.”

ಆಮೇಲೆ ಹತ್ತು ನಿಮಿಷ ತರಗತಿ ಆ ವ್ಯತ್ಯಾಸದ ಬೆನ್ನು ಹತ್ತಿತು. ಓರೆಯಾಗಿ ನೋಡಿದರೆ ಸೂಜಿ ಬೇರೆ ಗೆರೆಯ ಮೇಲೆ ಕಾಣುತ್ತದೆ ಎಂದು ಒಬ್ಬ ಕಂಡುಹಿಡಿದ. ತಂತಿಯ ತುದಿ ಸಡಿಲವಾಗಿದ್ದರೆ ಸೂಜಿ ಅಲುಗುತ್ತದೆ ಎಂದು ಇನ್ನೊಬ್ಬಳು ತೋರಿಸಿದಳು. ಮೂಲೆಯಲ್ಲಿದ್ದ ಹುಡುಗ ಬೇರೆಯದನ್ನೇ ಕೇಳಿದ: “ಸೆಲ್ಲಿನ ಮೇಲೆ 1.5 ಅಂತ ಬರೆದಿದೆ, ಮೀಟರ್ ಯಾಕೆ 1.4 ತೋರಿಸ್ತು?” ಮೇಡಂ ಉತ್ತರ ಹೇಳಲಿಲ್ಲ. ಮಂಡಲವನ್ನು ಬಿಡಿಸಿ ವೋಲ್ಟ್‌ಮೀಟರಿನ ತಂತಿಗಳನ್ನು ನೇರವಾಗಿ ಸೆಲ್ಲಿಗೆ ಹಿಡಿಸಿದರು. ಸೂಜಿ 1.5ರ ಹತ್ತಿರ ನಿಂತಿತು. ತಂತಿಗೆ ವಿದ್ಯುತ್ ಕೊಡುವಾಗ ಸೆಲ್ಲು ತನ್ನೊಳಗೇ ಸ್ವಲ್ಪ ಕಳೆದುಕೊಳ್ಳುತ್ತದೆ ಎಂಬ ಸಂಗತಿ ಹಾಗೆ ಹೊರಬಂತು. ಸೆಲ್ಲಿನ ಆಂತರಿಕ ರೋಧದ ಪಾಠ ಬರುವುದು ಪಿಯುಸಿಯಲ್ಲಿ. ಆ ಹುಡುಗ ಅದರ ಬಾಗಿಲವರೆಗೆ ತಾನೇ ನಡೆದು ಬಂದಿದ್ದ.

‘ಎಲ್ಲ 5.3 ಅಂತ ಬರೆದುಬಿಡ್ಲಾ’ ಎಂಬ ಆ ಹುಡುಗಿಯ ಪ್ರಶ್ನೆ ಗಮನಿಸಿ. ಬೇಕಾದ ಉತ್ತರ ಮೊದಲೇ ಗೊತ್ತಿರುವಾಗ ಕಂಡದ್ದನ್ನು ಅದಕ್ಕೆ ಸರಿಹೊಂದಿಸಿ ಬರೆಯುವ ಚಾಳಿ ಅಲ್ಲಿ ಶುರುವಾಗುತ್ತದೆ. ಅದನ್ನು ಅಲ್ಲೇ ತಡೆಯುವವರು ವಿಜ್ಞಾನ ಶಿಕ್ಷಕರು. ಕಂಡದ್ದನ್ನು ಕಂಡಂತೆ ಬರೆ, ವ್ಯತ್ಯಾಸಕ್ಕೆ ಕಾರಣ ಹುಡುಕು ಎಂಬ ಶಿಸ್ತನ್ನು ವಿಡಿಯೊ ಕೊಡಲಾರದು, ಏಕೆಂದರೆ ವಿಡಿಯೊದಲ್ಲಿ ಉತ್ತರ ಯಾವಾಗಲೂ ಸರಿಯಾಗಿಯೇ ಬರುತ್ತದೆ. ನಮ್ಮ ಸಂವಿಧಾನದ 51ಎ ವಿಧಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿದೆ. 1976ರ 42ನೆಯ ತಿದ್ದುಪಡಿಯಿಂದ ಬಂದ ಮಾತದು. ಆ ದೊಡ್ಡ ಮಾತು ಹಳ್ಳಿಯ ಶಾಲೆಯಲ್ಲಿ 5.3 ಬರೆಯಲೋ 5.4 ಬರೆಯಲೋ ಎಂಬಷ್ಟು ಚಿಕ್ಕದಾಗಿ ಮಗುವಿನ ಮುಂದೆ ಬರುತ್ತದೆ.

ಅದೇ ತರಗತಿಯಲ್ಲಿ ಇನ್ನೊಂದನ್ನೂ ಕಂಡೆ. ಗುಂಪಿನಲ್ಲಿ ತಂತಿ ಜೋಡಿಸುವವರು ಗಂಡುಹುಡುಗರು, ಅಂದವಾದ ಅಕ್ಷರದಲ್ಲಿ ಕೋಷ್ಟಕ ಬರೆಯುವವರು ಹೆಣ್ಣುಮಕ್ಕಳು. ಹೇಳಿಕೊಡದಿದ್ದರೂ ಹಾಗೆಯೇ ಹಂಚಿಕೆಯಾಗಿಬಿಡುತ್ತದೆ. ಮೇಡಂ ಪ್ರತಿ ಸೆಲ್ಲು ಸೇರಿಸುವಾಗಲೂ ಕೆಲಸ ಬದಲಾಯಿಸಿದರು. ಬರೆಯುತ್ತಿದ್ದವಳು ಜೋಡಿಸಬೇಕು, ಜೋಡಿಸುತ್ತಿದ್ದವನು ಬರೆಯಬೇಕು. ಇದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ.

ಮೊದಲು ಮಾಡಿದವರು

ವಿಜ್ಞಾನವನ್ನು ಕನ್ನಡಕ್ಕೆ ತಂದವರಲ್ಲಿ ಮೇಷ್ಟ್ರೇ ಮುಂದೆ ಇದ್ದರು. 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ನಂಗಪುರಂ ವೆಂಕಟೇಶಯ್ಯಂಗಾರ್ಯರ ಜೊತೆ ಸೇರಿ ಹೊರತಂದ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. ಅವರೇ ಪಂಪಭಾರತವನ್ನೂ ಸಂಪಾದಿಸಿದರು. ಹಸ್ತಪ್ರತಿಯಲ್ಲಿ ಕಂಡ ಪಾಠವನ್ನು ಕಂಡಂತೆ ಗುರುತಿಸಿ ವ್ಯತ್ಯಾಸಕ್ಕೆ ಕಾರಣ ಹುಡುಕುವವನಿಗೂ ಮೀಟರಿನ ಸೂಜಿ ಓದುವವನಿಗೂ ಬೇಕಾದ ಶಿಸ್ತು ಒಂದೇ. ಮೈಸೂರಿನ ಜೆ.ಆರ್. ಲಕ್ಷ್ಮಣರಾಯರು ರಸಾಯನಶಾಸ್ತ್ರ ಕಲಿಸುತ್ತಲೇ ಕನ್ನಡದ ವಿಜ್ಞಾನ ಬರವಣಿಗೆಗೆ ಗದ್ಯವನ್ನು ಹದಗೊಳಿಸಿದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ನಮ್ಮ ಶಾಲೆಗಳ ಗ್ರಂಥಾಲಯ ಮುಟ್ಟಿತು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರನ್ನು ಈ ಸಭೆಗೆ ಪರಿಚಯಿಸಬೇಕಾಗಿಲ್ಲ. ಓದಲೆಂದು ಊರಿನಿಂದ ಬೆಂಗಳೂರಿಗೆ ನಡೆದೇ ಬಂದು, ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿ, ಮುಂದೆ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿ ಮತ್ತೆ ನ್ಯಾಷನಲ್ ಕಾಲೇಜಿಗೇ ಬಂದವರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿ ದೇಶದ ಉದ್ದಗಲಕ್ಕೂ ಚರ್ಚೆ ಎಬ್ಬಿಸಿದರು. ಅದರಲ್ಲಿ ನನಗೆ ಕಾಣುವುದು ಪ್ರಯೋಗಾಲಯದ ಒಬ್ಬ ಮೇಷ್ಟ್ರು ತನ್ನ ಮೇಜಿನ ಅಭ್ಯಾಸವನ್ನು ಬೀದಿಗೆ ತಂದದ್ದು. ‘ತೋರಿಸಿ, ನೋಡೋಣ’ ಎನ್ನುವುದೇ ಆ ಅಭ್ಯಾಸ.

ನಮ್ಮ ರಾಜ್ಯದ ಹೊರಗಿನ ಒಂದು ಪ್ರಯತ್ನವನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಅದು ನನ್ನ ವಾದಕ್ಕೆ ನೇರ ಸಂಬಂಧಪಟ್ಟದ್ದು. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಒಂದು ಕಾರ್ಯಕ್ರಮ ಶುರುವಾಯಿತು. ಮಕ್ಕಳು ಗುಂಪು ಗುಂಪಾಗಿ ಕುಳಿತು ಪ್ರಯೋಗ ಮಾಡಿ, ಬಂದದ್ದನ್ನು ಚರ್ಚಿಸಿ, ತಾವೇ ಬರೆದುಕೊಳ್ಳಬೇಕು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹಬ್ಬಿತು. ಮುಂದೆ ಏಕಲವ್ಯ ಸಂಸ್ಥೆ ಅದನ್ನು ನಡೆಸಿಕೊಂಡು ಹೋಯಿತು. ಅವರು ಪುಸ್ತಕವನ್ನಷ್ಟೇ ಬದಲಾಯಿಸಲಿಲ್ಲ. ಶಾಲೆಗೆ ಪ್ರಯೋಗದ ಕಿಟ್ ಕೊಟ್ಟರು, ಶಿಕ್ಷಕರು ತಿಂಗಳಿಗೊಮ್ಮೆ ಸೇರಿ ತರಗತಿಯಲ್ಲಿ ಎದುರಾದ ತೊಡಕುಗಳನ್ನು ಬಿಡಿಸಿಕೊಳ್ಳುವ ಏರ್ಪಾಡು ಮಾಡಿದರು, ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಳ್ಳಲು ಬಿಟ್ಟರು, ಪ್ರಯೋಗದ ಪರೀಕ್ಷೆಯನ್ನೂ ಇಟ್ಟರು. ಸಾಮಾನು, ಶಿಕ್ಷಕ, ಪರೀಕ್ಷೆ ಮೂರನ್ನೂ ಒಟ್ಟಿಗೆ ಹಿಡಿದದ್ದರಿಂದ ಅದು ಮೂರು ದಶಕ ನಡೆಯಿತು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ನಿಂತ ಕತೆಗಿಂತ ನಡೆದ ಕತೆಯಿಂದ ನಾವು ಕಲಿಯಬೇಕಾದ್ದು ಹೆಚ್ಚಿದೆ.

ಪರೀಕ್ಷೆಯ ಚಿತ್ರ

ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ 80 ಅಂಕದ ಲಿಖಿತ ಪರೀಕ್ಷೆ, 20 ಅಂಕದ ಆಂತರಿಕ ಮೌಲ್ಯಮಾಪನ. ಪ್ರಯೋಗದ ಪರೀಕ್ಷೆ ಬೇರೆಯಾಗಿ ಇಲ್ಲ. ಸತುವಿನ ಚೂರಿಗೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿ ಹೈಡ್ರೋಜನ್ ತಯಾರಿಸಿ, ಅದನ್ನು ಉರಿಸಿ ಪರೀಕ್ಷಿಸುವ ಉಪಕರಣಗಳ ಜೋಡಣೆಯ ಚಿತ್ರ ಬರೆಯಿರಿ ಎಂಬುದು ಮಕ್ಕಳು ಕಾದು ಕುಳಿತಿರುವ ಪ್ರಶ್ನೆ. ಸ್ಟ್ಯಾಂಡು, ಪ್ರನಾಳ, ವಿತರಣಾ ನಳಿಕೆ, ಸಾಬೂನಿನ ದ್ರಾವಣದ ಬಟ್ಟಲು, ಉರಿಯುವ ಮೇಣದಬತ್ತಿ ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದು, ಭಾಗಗಳನ್ನು ಗುರುತಿಸಿ, ಪೂರ್ತಿ ಅಂಕ ತೆಗೆಯುವ ಮಕ್ಕಳು ಸಾವಿರಾರು. ಅವರಲ್ಲಿ ಹೈಡ್ರೋಜನ್ ತುಂಬಿದ ಸಾಬೂನಿನ ಗುಳ್ಳೆ ಮೇಲೇರುವುದನ್ನು ಕಂಡು, ಬತ್ತಿಯ ಹತ್ತಿರ ಅದು ‘ಪಟ್’ ಎಂದದ್ದನ್ನು ಕೇಳಿದವರು ಎಷ್ಟು ಮಂದಿ? ಉತ್ತರಪತ್ರಿಕೆಯಲ್ಲಿ ಕಂಡವರೂ ಕಾಣದವರೂ ಒಂದೇ ಥರ ಇರುತ್ತಾರೆ. ಪರೀಕ್ಷೆ ಆ ವ್ಯತ್ಯಾಸವನ್ನು ಕಾಣಲಾರದಾದಾಗ ಬೀರುವಿನ ಬೀಗ ತೆಗೆಯುವ ಶಿಕ್ಷಕನಿಗೂ ತೆಗೆಯದವನಿಗೂ ಫಲಿತಾಂಶದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ತೆಗೆಯುವವನು ಹೊತ್ತು ಕಳೆಯುತ್ತಾನೆ ಎಂಬ ಮಾತು ಬೇರೆ ಕೇಳಬೇಕು. ಜನವರಿ ಬಂತೆಂದರೆ ಪಾಸಿಂಗ್ ಪ್ಯಾಕೇಜಿನ ಕಾಲ. ಹಿಂದುಳಿದ ಮಕ್ಕಳಿಗೆ ಆಯ್ದ ಚಿತ್ರ, ಆಯ್ದ ಸಮೀಕರಣ. ಹಿಂದುಳಿದವರು ಎಂದು ಹಣೆಪಟ್ಟಿ ಬಿದ್ದ ಮಕ್ಕಳೇ ಎಷ್ಟೋ ಸಲ ತಂತಿ ಜೋಡಿಸುವುದರಲ್ಲಿ ಮುಂದಿರುತ್ತಾರೆ ಎಂದು ತಿಳಿಯಲು ಅವರ ಕೈಗೆ ತಂತಿ ಕೊಟ್ಟಿರಬೇಕಲ್ಲ!

ವಿಜ್ಞಾನ ವಸ್ತುಪ್ರದರ್ಶನವೂ ಹೀಗೇ ಆಗಿದೆ. ಥರ್ಮಾಕೋಲಿನ ಜ್ವಾಲಾಮುಖಿ, ಬಾಡಿಗೆಗೆ ತಂದ ಮಾದರಿ, ಬಾಯಿಪಾಠದ ವಿವರಣೆ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದ ಆಶಯ ಇದಕ್ಕಿಂತ ಬೇರೆ. ಅಲ್ಲಿ ಮಕ್ಕಳು ತಮ್ಮ ಊರಿನ ಒಂದು ಸಮಸ್ಯೆಯನ್ನು ಹಿಡಿದು, ಅಳೆದು, ವರದಿ ಬರೆಯಬೇಕು. ಊರ ಕೆರೆಯ ನೀರನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ ಗೆರೆ ಎಳೆದ ಒಂದು ನಕ್ಷೆಗೆ ಹತ್ತು ಜ್ವಾಲಾಮುಖಿ ಸಾಟಿಯಲ್ಲ.

ನನ್ನ ಬೇಡಿಕೆಗಳು

ಬೇಡಿಕೆ ನಾಲ್ಕೇ ಇವೆ, ಯಾವುದಕ್ಕೂ ದೊಡ್ಡ ಹಣ ಬೇಡ.

ಮೊದಲನೆಯದು, ಗಾಜಿನ ಸಾಮಾನಿನಲ್ಲಿ ವರ್ಷಕ್ಕೆ ಇಂತಿಷ್ಟು ಪಾಲು ಒಡೆಯುವುದು ಸಹಜ ಎಂದು ಒಪ್ಪಿ, ಅದನ್ನು ಮುಖ್ಯ ಶಿಕ್ಷಕರ ಒಂದು ಸಹಿಯಲ್ಲಿ ವಹಿಯಿಂದ ತೆಗೆಯುವ ಅಧಿಕಾರ ಶಾಲೆಗೇ ಬರಲಿ. ದಾಸ್ತಾನು ವಹಿಯ ಪಕ್ಕದಲ್ಲಿ ಬಳಕೆ ವಹಿಯೊಂದು ಬರಲಿ. ಯಾವ ದಿನ, ಯಾವ ತರಗತಿ, ಯಾವ ಪ್ರಯೋಗ, ಏನು ಒಡೆಯಿತು, ಯಾವ ಮಗು ಏನು ಕೇಳಿತು ಎಂದು ಅದರಲ್ಲಿ ಬರೆಯೋಣ. ತಪಾಸಣೆಗೆ ಬಂದವರು ಮೊದಲು ಅದನ್ನು ತೆರೆಯಲಿ.

ಎರಡನೆಯದು, ವೇಳಾಪಟ್ಟಿಯಲ್ಲಿ ವಾರಕ್ಕೊಮ್ಮೆ ವಿಜ್ಞಾನಕ್ಕೆ ಎರಡು ಅವಧಿ ಒಟ್ಟಿಗೆ, ಮಧ್ಯಾಹ್ನದ ಹೊತ್ತು. ಇದನ್ನು ಯಾವ ಆದೇಶಕ್ಕೂ ಕಾಯದೆ ನಾಳೆಯೇ ಮಾಡಬಹುದು.

ಮೂರನೆಯದು, ಪಿಸಿಎಂ, ಸಿಬಿಝಡ್ ಇಬ್ಬರೂ ವಾರಕ್ಕೆ ಒಂದು ಗಂಟೆ ಒಟ್ಟಿಗೆ ಕುಳಿತು ಮುಂದಿನ ಪ್ರಯೋಗ ಮಾಡಿ ನೋಡಲಿ. ಆ ಗಂಟೆಯನ್ನು ಬೋಧನಾ ಅವಧಿ ಎಂದು ಎಣಿಸಲಿ. ಆಗ ಹಿರಿಯರ ಕೈಯ ಜ್ಞಾನ ಅವರ ನಿವೃತ್ತಿಯ ಜೊತೆ ಹೋಗುವುದಿಲ್ಲ.

ನಾಲ್ಕನೆಯದು, ಆಂತರಿಕ ಮೌಲ್ಯಮಾಪನದ 20 ಅಂಕಗಳಲ್ಲಿ ಒಂದು ಪಾಲನ್ನು ಮಗು ಶಿಕ್ಷಕರ ಎದುರು ಕೈಯಾರೆ ಮಾಡಿದ ಪ್ರಯೋಗಕ್ಕೇ ಮೀಸಲಿಡಲಿ. ಅಂಕ ಸರಿಯುತ್ತರಕ್ಕಲ್ಲ, ಕಂಡದ್ದನ್ನು ಕಂಡಂತೆ ಬರೆದದ್ದಕ್ಕೆ.

ಕೊನೆಯದಾಗಿ ದತ್ತಿಯ ದಾನಿಗಳಲ್ಲಿ, ಸಂಘಟಕರಲ್ಲಿ ಒಂದು ಸಲಹೆ. ಈ ದತ್ತಿಯ ಬಡ್ಡಿಯಲ್ಲಿ ಪ್ರತಿ ವರ್ಷ ಒಂದು ಉಪನ್ಯಾಸ ನಡೆಯಬೇಕೆಂದು ಬರೆದುಕೊಂಡಿದ್ದೀರಿ. ಅದನ್ನು ವರ್ಷ ಬಿಟ್ಟು ವರ್ಷ ಮಾಡಿ. ಉಪನ್ಯಾಸವಿಲ್ಲದ ವರ್ಷದ ಬಡ್ಡಿಯನ್ನು, ತಾಲ್ಲೂಕಿನಲ್ಲಿ ಅತಿ ಹೆಚ್ಚು ಪ್ರಯೋಗ ನಡೆದ, ಬಳಕೆ ವಹಿಯಲ್ಲಿ ಒಡೆದ ಗಾಜಿನ ಪ್ರಾಮಾಣಿಕ ಲೆಕ್ಕ ಇರುವ ಶಾಲೆಗೆ ಹೊಸ ಪ್ರನಾಳ, ಬೀಕರ್, ಸೆಲ್ಲು ಕೊಳ್ಳಲು ಕೊಡಿ. ಒಡೆದದ್ದಕ್ಕೆ ದಂಡ ಕಟ್ಟುವ ನಾಡಿನಲ್ಲಿ ಒಡೆದದ್ದಕ್ಕೆ ಬಹುಮಾನ ಕೊಡುವ ಒಂದು ದತ್ತಿಯಾದರೂ ಇರಲಿ. ಇದಕ್ಕೆ ನೀವು ಒಪ್ಪುವುದಾದರೆ ನನಗೆ ಇವತ್ತು ಕೊಡಬೇಕೆಂದಿರುವ ಗೌರವಧನದಿಂದಲೇ ಅದು ಶುರುವಾಗಲಿ.